ಬರುವ ತೆರೆಯ ಮುಂಚಿನ ಎರಡು ನಿಮಿಷ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ, ಸರಕು ಹಡಗುಗಳಲ್ಲಿ ಅಧಿಕಾರಿಯಾಗಿ ದುಡಿದ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಸಂಘಟಕರು “ನಿಮ್ಮ ಸಾಧನೆಯ ಬಗ್ಗೆ ಮಾತಾಡ್ರಿ” ಅಂದರು. ಸಾಧನೆ ಅಂತ ಹೇಳಿಕೊಳ್ಳುವಂಥದ್ದು ನನ್ನ ಹತ್ತಿರ ಏನೂ ಇಲ್ಲ. ಹಡಗಿನಲ್ಲಿ ದುಡಿದೆ, ಸಂಬಳ ತೆಗೆದುಕೊಂಡೆ, ಜೀವಂತ ಮನೆಗೆ ಬಂದೆ. ಅದರ ಬದಲು ಬೇರೆ ಒಂದು ವಿಷಯ ಹೇಳುತ್ತೇನೆ. ಇಂದು ಮುಂಜಾನೆ ಒಂಬತ್ತನೆಯ ತರಗತಿಗೆ ಹೋಗಿದ್ದೆ. ಸಮುದ್ರದ ಅಲೆ ಹಡಗಿಗೆ ಬಂದು ಬಡಿಯುವ ಒಂದೆರಡು ನಿಮಿಷ ಮೊದಲೇ ಅದನ್ನು ಲೆಕ್ಕ ಹಾಕಿ ಹೇಳುವ ಉಪಕರಣ ಈಗ ಬಂದಿದೆ ಅಂತ ಹೇಳಿದೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗಿ ಎದ್ದು ನಿಂತು, “ಸರ, ಎರಡು ನಿಮಿಷ ಮೊದಲ ಗೊತ್ತಾದ್ರ ಅಷ್ಟು ದೊಡ್ಡ ಹಡಗ ತಿರಗಸಾಕ ಆಕ್ಕೈತೇನ್ರಿ?” ಅಂತ ಕೇಳಿದಳು.

ಆಗುವುದಿಲ್ಲ. ತುಂಬಿದ ಹಡಗನ್ನು ನಿಲ್ಲಿಸಬೇಕಾದರೆ ಕಿಲೋಮೀಟರುಗಟ್ಟಲೆ ದೂರ ಬೇಕು, ತಿರುಗಿಸಬೇಕಾದರೂ ನಿಮಿಷಗಟ್ಟಲೆ ಹೊತ್ತು ಬೇಕು. “ಹಂಗಾರ ಏನ ಉಪಯೋಗ ಬಂತ್ರಿ?” ಅಂದಳು. ಗಂಟೆ ಹೊಡೆಯಿತು, ನಾನು ತಪ್ಪಿಸಿಕೊಂಡೆ. ಆ ಉತ್ತರವನ್ನು ಈಗ ನಿಮ್ಮೆಲ್ಲರ ಮುಂದೆ ಕೊಡುತ್ತೇನೆ. ಅವಳು ಮುಂದೆಯೇ ಕೂತಿದ್ದಾಳೆ, ಈ ಸಲ ತಪ್ಪಿಸಿಕೊಳ್ಳಲಾಗದು.

ಹೊಳೆಯಿಂದಲೇ ಸುರು ಮಾಡೋಣ. ನಮ್ಮ ತುಂಗಭದ್ರೆ ವಿಚಿತ್ರ ಹೊಳೆ. ಪಶ್ಚಿಮ ಘಟ್ಟದಲ್ಲಿ, ಅರಬ್ಬಿ ಸಮುದ್ರ ಅಷ್ಟು ಹತ್ತಿರ ಇರುವಲ್ಲಿ ಹುಟ್ಟಿ, ಅದಕ್ಕೆ ಬೆನ್ನು ತಿರುಗಿಸಿ ನಮ್ಮೂರ ಮುಂದೆ ಹಾದು, ಕೃಷ್ಣೆಯನ್ನು ಕೂಡಿ ಮೂಡಣ ಸಮುದ್ರಕ್ಕೆ ಹೋಗುತ್ತದೆ. ನಾನು ಮಾತ್ರ ಪಶ್ಚಿಮಕ್ಕೇ ಹೋದೆ. ಈಗಿನ ಮಕ್ಕಳು ಸೇತುವೆ ಮೇಲೆ ಬಸ್ಸಿನಲ್ಲಿ ಕೂತು ಮದಲಗಟ್ಟಿ ಹನುಮಪ್ಪನ ಗುಡಿಗೆ ಹೋಗುತ್ತಾರೆ. ಹರಿಗೋಲಿನಲ್ಲಿ ಹೊಳೆ ದಾಟಿದ ಹಿರಿಯರು ಈ ಪೆಂಡಾಲಿನಲ್ಲಿ ಇನ್ನೂ ಇದ್ದಾರೆ. ಬಿದಿರಿನ ಬುಟ್ಟಿ, ಅದಕ್ಕೆ ಹೊದಿಕೆ, ಒಂದು ಹುಟ್ಟು, ಒಬ್ಬ ಅಂಬಿಗ.

ಆಷಾಢದಲ್ಲಿ ಪಡುವಣ ಗಾಳಿ ಬಿಟ್ಟಿತೆಂದರೆ ತುಂಬಿದ ಹೊಳೆಯ ಮೇಲೆ ತೆರೆ ಏಳುತ್ತಿದ್ದವು. ದಡ ಹತ್ತಿರ ಬಂದಾಗ ನಾವು ಹುಡುಗರು ಜಿಗಿಯಲು ಅವಸರ ಮಾಡುತ್ತಿದ್ದೆವು. ಅಂಬಿಗ ಅಜ್ಜ ನಮ್ಮ ಕಡೆ ನೋಡುತ್ತಲೇ ಇರಲಿಲ್ಲ, ಅವನ ಕಣ್ಣು ಹೊಳೆಯ ಮೇಲೆ. “ಸುಮ್ನ ಕುಂದರ್ರಿ. ಒಂದು ದೊಡ್ಡ ತೆರಿ ಬರಾಕತ್ತೈತಿ, ಅದು ಹೋಗ್ಲಿ” ಅನ್ನುತ್ತಿದ್ದ. ತೆರೆ ಬರುತ್ತಿತ್ತು, ಹರಿಗೋಲು ಎದ್ದು ಬೀಳುತ್ತಿತ್ತು. ಆಮೇಲೆ “ಹೂಂ, ಈಗ ಇಳೀರಿ” ಅನ್ನುತ್ತಿದ್ದ. ಆಗ ಇಳಿದರೆ ಕಾಲು ಒದ್ದೆಯಾಗುತ್ತಿರಲಿಲ್ಲ.

ಮಗೂ, ನಿನ್ನ ಪ್ರಶ್ನೆಗೆ ಉತ್ತರ ಇಷ್ಟೇ. ಆ ಉಪಕರಣ ಹಡಗು ತಿರುಗಿಸಲಿಕ್ಕಲ್ಲ, ಕಾಯಲಿಕ್ಕೆ. ಆದರೆ ಈ ಕಾಯುವುದು ಎಷ್ಟು ದೊಡ್ಡ ವಿಷಯ ಅನ್ನುವುದನ್ನು ನಾನು ಕಲಿತ ರೀತಿ ಬೇರೆ.

ನಾನಾಗ ಸೆಕೆಂಡ್ ಆಫೀಸರ್. ಪಶ್ಚಿಮ ಕರಾವಳಿಯ ಒಂದು ಬಂದರಿನಿಂದ ನಮ್ಮ ಹಡಗು ಹೊರಗೆ ಬಂದಿತ್ತು. ಜೂನ್ ತಿಂಗಳು. ಹಡಗನ್ನು ಬಂದರಿನ ಒಳಗೆ ತರಲು, ಹೊರಗೆ ಬಿಡಲು ಅಲ್ಲಿಯ ನೀರು ಬಲ್ಲ ಪೈಲಟ್ ಒಬ್ಬರು ಹಡಗು ಹತ್ತುತ್ತಾರೆ. ಕೆಲಸ ಮುಗಿದ ಮೇಲೆ ಹಡಗಿನ ಬದಿಗೆ ಬಿಟ್ಟ ಹಗ್ಗದ ಏಣಿಯಿಂದ ಇಳಿದು, ಕೆಳಗೆ ಬಂದು ನಿಂತ ಸಣ್ಣ ಲಾಂಚಿಗೆ ಕಾಲಿಡುತ್ತಾರೆ. ಹಡಗು ದೊಡ್ಡದು, ಅಷ್ಟಾಗಿ ಅಲುಗುವುದಿಲ್ಲ. ಲಾಂಚು ಮಾತ್ರ ಒಂದೊಂದು ಅಲೆಗೂ ಆಳೆತ್ತರ ಏರಿ ಇಳಿಯುತ್ತದೆ. ಪೈಲಟರ ಕೈ ಹಿಡಿಯಲು ಲಾಂಚಿನ ಮುಂದೆ ಒಬ್ಬ ಹುಡುಗ ನಿಂತಿರುತ್ತಾನೆ. ಅವತ್ತು ನಿಂತವನಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು.

ಮುನ್ಸೂಚನೆಯ ಹಾಳೆಯಲ್ಲಿ ಅಲೆಯ ಎತ್ತರ 2 ಮೀಟರ್ ಅಂತ ಇತ್ತು. ಇಂಥ ಕೆಲಸಕ್ಕೆ ಅದು ನಡೆಯುತ್ತದೆ. ಪೈಲಟ್ ಏಣಿಯ ಅರ್ಧಕ್ಕೆ ಇಳಿದಿದ್ದರು. ನಾನು ಮೇಲಿನಿಂದ ನೋಡುತ್ತಿದ್ದೆ. ಮೂರು ಸಣ್ಣ ಅಲೆ ಹೋದವು. ನಾಲ್ಕನೆಯದು ಲಾಂಚನ್ನು ಎತ್ತಿ ಹಡಗಿನ ಉಕ್ಕಿನ ಗೋಡೆಗೆ ಒಗೆಯಿತು. ಪೈಲಟ್ ಏಣಿ ಬಿಡಲಿಲ್ಲ, ಉಳಿದರು. ಹುಡುಗನ ಬಲಗಾಲು ನಡುವೆ ಸಿಕ್ಕಿತು. ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ವಿಚಾರಣೆ ಆಯಿತು. ಏಣಿ ಸರಿ ಇತ್ತು, ಜಾಕೆಟ್ ಹಾಕಿದ್ದರು, ಮುನ್ಸೂಚನೆ ಓದಿದ್ದರು, ಯಾರದೂ ತಪ್ಪಿಲ್ಲ. ಈ ‘ಯಾರದೂ ತಪ್ಪಿಲ್ಲ’ ಅನ್ನುವುದು ನನ್ನನ್ನು ವರ್ಷಗಟ್ಟಲೆ ಕಾಡಿತು. ಆ ನಾಲ್ಕನೆಯ ಅಲೆ ಆಕಾಶದಿಂದ ಬೀಳಲಿಲ್ಲವಲ್ಲ. ಎರಡು ನಿಮಿಷದ ಹಿಂದೆ ಅದು ಒಂದು ಕಿಲೋಮೀಟರ್ ಆಚೆ ಎಲ್ಲೋ ಇದ್ದೇ ಇತ್ತು, ನಮ್ಮ ಕಡೆಗೇ ಬರುತ್ತಿತ್ತು. ಅದನ್ನು ನೋಡುವವರು ಯಾರೂ ಇರಲಿಲ್ಲ.

ಹಾಗಾದರೆ ಆ ‘2 ಮೀಟರ್’ ಏನು? ಇದು ಮಕ್ಕಳಿಗೆ ಸುಲಭವಾಗಿ ತಿಳಿಯುತ್ತದೆ. ನಿಮ್ಮ ತರಗತಿಯಲ್ಲಿ ಅರವತ್ತು ಮಂದಿ ಇದ್ದೀರಿ ಅನ್ನಿ. ಗಣಿತದ ಅಂಕ ಬಂದಿವೆ. ಅದರಲ್ಲಿ ಹೆಚ್ಚು ತೆಗೆದ ಇಪ್ಪತ್ತು ಮಂದಿಯನ್ನು ಮಾತ್ರ ಆರಿಸಿ ಅವರ ಸರಾಸರಿ ತೆಗೆಯಿರಿ. ಅಲೆಯ ಮುನ್ಸೂಚನೆಯಲ್ಲಿ ಕೊಡುವ ಎತ್ತರ ಅಂಥದ್ದು, ಎಲ್ಲ ಅಲೆಗಳಲ್ಲಿ ದೊಡ್ಡದಾದ ಮೂರನೆಯ ಒಂದು ಭಾಗದ ಸರಾಸರಿ. ಅನುಭವಿ ನಾವಿಕ ಕಣ್ಣಳತೆಯಲ್ಲಿ ಹೇಳುವ ಎತ್ತರಕ್ಕೆ ಅದು ಹೊಂದುತ್ತದೆ, ಅದಕ್ಕೇ ಆ ಲೆಕ್ಕ ಇಟ್ಟುಕೊಂಡದ್ದು. ಆದರೆ ಸರಾಸರಿಗಿಂತ ಮೇಲೆ ಹೋಗುವವರು ಇದ್ದೇ ಇರುತ್ತಾರೆ. 2 ಮೀಟರ್ ಅಂದರೆ, ಕೆಲವು ಗಂಟೆಗಳಲ್ಲಿ ಒಂದಾದರೂ ಅಲೆ 4 ಮೀಟರಿನ ಹತ್ತಿರ ಬರಬಹುದು ಅಂತಲೇ ಅರ್ಥ. ಯಾವಾಗ ಬರುತ್ತದೆ ಅನ್ನುವುದನ್ನು ಹಾಳೆ ಹೇಳುವುದಿಲ್ಲ.

ಹಾಗಂತ ಆ ಹಾಳೆಯನ್ನು ಹಗುರವಾಗಿ ಕಾಣಬೇಡಿ. ಅಲೆಯ ಮುನ್ಸೂಚನೆ ಶಾಸ್ತ್ರವಾಗಿ ಬೆಳೆದದ್ದು ಎರಡನೆಯ ಮಹಾಯುದ್ಧದಲ್ಲಿ. ಸೈನ್ಯವನ್ನು ದೋಣಿಗಳಿಂದ ದಡಕ್ಕೆ ಇಳಿಸಬೇಕು, ಅಲೆ ಎಷ್ಟಿರುತ್ತದೆ ಅಂತ ಮೊದಲೇ ತಿಳಿಯಬೇಕು. ಹರಾಲ್ಡ್ ಸ್ವೆರ್‌ಡ್ರಪ್ ಮತ್ತು ವಾಲ್ಟರ್ ಮಂಕ್ ಎಂಬಿಬ್ಬರು ವಿಜ್ಞಾನಿಗಳು ಗಾಳಿಯ ವೇಗ, ಅದು ಬೀಸಿದ ಹೊತ್ತು, ಬೀಸಿದ ದೂರ ಇವುಗಳಿಂದ ಅಲೆಯ ಎತ್ತರ ಲೆಕ್ಕ ಹಾಕುವ ರೀತಿ ಕಂಡುಹಿಡಿದರು. 1944ರ ಜೂನ್‌ನಲ್ಲಿ ಮಿತ್ರಪಡೆಗಳು ನಾರ್ಮಂಡಿಯಲ್ಲಿ ಇಳಿಯುವಾಗ ಅವರ ರೀತಿಯೇ ಕೆಲಸಕ್ಕೆ ಬಂತು.

ನಮ್ಮ ದೇಶದಲ್ಲಿ ಈ ಕೆಲಸ ಮಾಡುವುದು ಹೈದರಾಬಾದಿನ ಇನ್‌ಕಾಯ್ಸ್, ಅಂದರೆ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ. 1999ರಲ್ಲಿ ಸುರುವಾಯಿತು. ಸಮುದ್ರವೇ ಇಲ್ಲದ ಊರಿನಲ್ಲಿ ಕೂತು ಸಮುದ್ರದ ಸುದ್ದಿ ಹೇಳುತ್ತಾರೆ, ಕೊರ್ಲಹಳ್ಳಿಯವನು ಹಡಗು ನಡೆಸಿದ ಹಾಗೆ. ಕರಾವಳಿಯುದ್ದಕ್ಕೂ ಅವರು ಅಲ್ಲಲ್ಲಿ ಹಳದಿ ಬಣ್ಣದ ದುಂಡನೆಯ ತೇಲುಗುಂಡು ಬಿಟ್ಟಿದ್ದಾರೆ. ನಮ್ಮ ಕಾರವಾರದ ಎದುರೂ ಒಂದಿದೆ. ಒಂದು ಮೀಟರಿಗೂ ಕಡಿಮೆ ಅಗಲ. ಅಲೆಯ ಮೇಲೆ ಏರಿಳಿಯುತ್ತ, ಎಷ್ಟು ಏರಿದೆ, ಎಷ್ಟು ಹೊತ್ತಿಗೊಮ್ಮೆ ಏರಿದೆ, ಯಾವ ದಿಕ್ಕಿನಿಂದ ಎಂದು ಅಳೆದು ಸುದ್ದಿ ಕಳಿಸುತ್ತದೆ. ಕಂಪ್ಯೂಟರು ಹೇಳಿದ್ದಕ್ಕೂ ಈ ಗುಂಡು ಅಳೆದದ್ದಕ್ಕೂ ತಾಳೆ ನೋಡುತ್ತಾರೆ. ದಕ್ಷಿಣದ ಮಹಾಸಾಗರದಲ್ಲಿ ಎಲ್ಲೋ ಬಿರುಗಾಳಿ ಎದ್ದು, ಅದರ ಅಲೆಗಳು ಕೆಲವು ದಿನ ಪ್ರಯಾಣ ಮಾಡಿ ಬಂದು, ಗಾಳಿಯೇ ಇಲ್ಲದ ಬಿಸಿಲ ದಿನದಲ್ಲಿ ನಮ್ಮ ದಡಕ್ಕೆ ಅಪ್ಪಳಿಸುವುದುಂಟು. ಕೇರಳದವರು ಇದಕ್ಕೆ ‘ಕಳ್ಳಕ್ಕಡಲ್’ ಅನ್ನುತ್ತಾರೆ, ಕಳ್ಳನ ಹಾಗೆ ಸದ್ದಿಲ್ಲದೆ ಬರುವ ಕಡಲು. ಅದಕ್ಕೂ ಈಗ ಮೊದಲೇ ಎಚ್ಚರಿಕೆ ಬರುತ್ತದೆ.

ಮಳೆಗಾಲದಲ್ಲಿ ಮೇಲಿನ ಡ್ಯಾಮಿನಿಂದ ನೀರು ಬಿಟ್ಟರೆ ಹೊಳೆದಂಡೆಯ ಊರುಗಳಲ್ಲಿ ಡಂಗುರ ಸಾರುತ್ತಾರಲ್ಲ, ಹಾಗೆಯೇ ಇದು. ನಾಳೆ ಹೊಳೆ ತುಂಬುತ್ತದೆ, ಇಳಿಯಬೇಡಿ. ಈ ಡಂಗುರಕ್ಕೆ ಕಿವಿಗೊಟ್ಟವರು ಉಳಿಯುತ್ತಾರೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದ ಸೂಚನೆ ದಿನಗಳ ಮೊದಲೇ ಬಂದಿತ್ತು. ಆದರೂ ನಮ್ಮ ಮಂಗಳೂರು ಕಡೆ ‘ಕೋರಮಂಡಲ್ ಸಪೋರ್ಟರ್ 9’ ಎಂಬ ಟಗ್ಗು ಕಾಪು ಹತ್ತಿರದ ಬಂಡೆಗಳ ನಡುವೆ ಸಿಕ್ಕಿಬಿದ್ದು, ಅದರಲ್ಲಿದ್ದ ಒಂಬತ್ತು ಜನರನ್ನು ನೌಕಾದಳ ಮತ್ತು ಕರಾವಳಿ ಕಾವಲು ಪಡೆಯವರು ಹೆಲಿಕಾಪ್ಟರು, ರಬ್ಬರು ದೋಣಿಯಲ್ಲಿ ಹೊರತೆಗೆಯಬೇಕಾಯಿತು. ಮುಂಬಯಿ ಆಚೆ ‘ಪಿ-305’ ಎಂಬ ಬಾರ್ಜಿನಲ್ಲಿ 261 ಜನ ಇದ್ದರು. ಅದು ಮುಳುಗಿತು. ಎಪ್ಪತ್ತರ ಸುಮಾರು ಮಂದಿ ಮನೆಗೆ ಬರಲಿಲ್ಲ.

ಹೊರಡಬೇಕೋ ಬೇಡವೋ ಅನ್ನುವುದಕ್ಕೆ ಡಂಗುರ ಸಾಕು. ಹೊರಟ ಮೇಲೆ, ಏಣಿಯ ಮೇಲೆ ಒಂದು ಕಾಲು, ಲಾಂಚಿನ ಮೇಲೆ ಒಂದು ಕಾಲು ಇರುವಾಗ ಬೇಕಾಗುವವನು ಅಂಬಿಗ ಅಜ್ಜ. ಮಲ್ಪೆ, ಗಂಗೊಳ್ಳಿ ಮೀನುಗಾರರು ಈ ವಿದ್ಯೆಯನ್ನು ತಲೆಮಾರುಗಳಿಂದ ಬಲ್ಲರು. ಅಳಿವೆ ಬಾಯಿಯಲ್ಲಿ ದೋಣಿ ನಿಲ್ಲಿಸಿಕೊಂಡು, ದೊಡ್ಡ ಅಲೆಗಳ ಒಂದು ಗುಂಪು ದಾಟುವ ತನಕ ಕಾದು, ನಡುವೆ ನೀರು ತಗ್ಗಿದಾಗ ಒಮ್ಮೆಲೇ ಎಂಜಿನ್ ಏರಿಸಿ ಹೊರಗೆ ಹೋಗುತ್ತಾರೆ. ಅಲೆಗಳು ಗುಂಪಾಗಿಯೇ ಬರುತ್ತವೆ, ನಡುನಡುವೆ ಸಮುದ್ರ ಉಸಿರು ತೆಗೆದುಕೊಳ್ಳುತ್ತದೆ. ಆದರೆ ರಾತ್ರಿ ಏನು ಮಾಡುವುದು? ಹಡಗಿನ ಎತ್ತರದಿಂದ, ಎರಡು ದಿಕ್ಕಿನ ಅಲೆಗಳು ಹೆಣೆದುಕೊಂಡ ನೀರಿನಲ್ಲಿ ಕಣ್ಣು ಎಷ್ಟು ದೂರ ಓದೀತು?

ಇಲ್ಲಿ ರೇಡಾರ್ ಬರುತ್ತದೆ, ಮತ್ತು ನಾನು ನಾಚಿಕೊಳ್ಳಬೇಕಾದ ಒಂದು ಮಾತೂ ಬರುತ್ತದೆ. ಪ್ರತಿ ಹಡಗಿನಲ್ಲೂ ರೇಡಾರ್ ಇದೆ. ಬೇರೆ ಹಡಗು, ದಡ, ಬಂಡೆ ಕಾಣಲಿಕ್ಕೆ. ಅದರ ಪರದೆಯಲ್ಲಿ ನಮ್ಮ ಹಡಗಿನ ಸುತ್ತ ಯಾವಾಗಲೂ ಒಂದಿಷ್ಟು ಕಸ ಮಿನುಗುತ್ತದೆ. ಗಾಳಿಗೆ ನೀರಿನ ಮೇಲೆ ಎದ್ದ ಸಣ್ಣ ಸುಕ್ಕುಗಳಿಗೆ ತಾಗಿ ವಾಪಸು ಬಂದ ಸಂಕೇತ ಅದು. ನಮಗೆ ಅದು ಕಿರಿಕಿರಿ. ಅದನ್ನು ಅಳಿಸಲಿಕ್ಕೆಂದೇ ‘ಸೀ ಕ್ಲಟರ್’ ಅಂತ ಒಂದು ಗುಂಡಿ ಇರುತ್ತದೆ. ನಾನು ನನ್ನ ಪಾಳಿಯಲ್ಲಿ ಆ ಗುಂಡಿ ತಿರುಗಿಸಿ ಪರದೆ ಸ್ವಚ್ಛ ಮಾಡಿದ್ದಕ್ಕೆ ಲೆಕ್ಕವೇ ಇಲ್ಲ. ಹುಡುಗನ ಕಾಲು ಹೋದ ದಿನವೂ ಮಾಡಿದ್ದೆ. ಆ ಕಸದಲ್ಲೇ ಅಲೆಗಳಿದ್ದವು!

ಕಸವನ್ನು ಅಳಿಸದೆ ಬಿಟ್ಟು ನೋಡಿದರೆ ಉಳುಮೆ ಮಾಡಿದ ಹೊಲದ ಹಾಗೆ ಸಾಲು ಸಾಲು ಪಟ್ಟಿ ಕಾಣುತ್ತವೆ. ನಮ್ಮ ಕಡೆ ಮುಖ ಮಾಡಿದ ಅಲೆಯ ಇಳಿಜಾರು ಹೆಚ್ಚು ಹೊಳೆಯುತ್ತದೆ, ಅದರ ಹಿಂದಿನ ತಗ್ಗು ಮರೆಯಾಗಿ ಕಪ್ಪಾಗುತ್ತದೆ. ರೇಡಾರಿನ ಕೈ ಎರಡು ಮೂರು ಸೆಕೆಂಡಿಗೊಮ್ಮೆ ಸುತ್ತುತ್ತದೆ, ಪ್ರತಿ ಸುತ್ತಿಗೂ ಒಂದು ಚಿತ್ರ. ಚಿತ್ರದಿಂದ ಚಿತ್ರಕ್ಕೆ ಪಟ್ಟಿ ಎಷ್ಟು ಸರಿಯಿತು ಅಂತ ಅಳೆದರೆ ಅಲೆ ಯಾವ ಕಡೆಗೆ, ಎಷ್ಟು ವೇಗದಲ್ಲಿ ಹೋಗುತ್ತಿದೆ ಎಂಬುದು ಸಿಗುತ್ತದೆ. ಜರ್ಮನಿಯ ಸಂಶೋಧಕರು ಇದರಿಂದ ಅಲೆ ಅಳೆಯುವ ಉಪಕರಣವನ್ನೇ ಮಾಡಿದರು. ಆಮೇಲೆ ಅಮೆರಿಕ, ನೆದರ್ಲೆಂಡ್ಸ್ ಮುಂತಾದ ಕಡೆ ಒಂದು ಹೆಜ್ಜೆ ಮುಂದೆ ಹೋಗಿ, ಈಗ ಅಲ್ಲಿರುವ ಅಲೆ ಇನ್ನು ಇಷ್ಟು ಸೆಕೆಂಡಿಗೆ ಇಲ್ಲಿಗೆ ಬಂದಾಗ ಹಡಗು ಎಷ್ಟು ಏಳುತ್ತದೆ, ಎಷ್ಟು ವಾಲುತ್ತದೆ ಎಂದು ಹೇಳುವ ಕೆಲಸಕ್ಕೆ ಕೈ ಹಾಕಿದರು.

ಲೆಕ್ಕ ಕಷ್ಟದ್ದೇ, ಆದರೆ ಅದರ ಬೇರು ನೀವು ಹತ್ತನೆಯ ತರಗತಿಯಲ್ಲಿ ಕಲಿಯುವ ‘ಸೈನ್ ಥೀಟಾ’ದಲ್ಲಿದೆ. ಎಷ್ಟೇ ಅಸ್ತವ್ಯಸ್ತ ಸಮುದ್ರವಾದರೂ ಅದನ್ನು ಬೇರೆ ಬೇರೆ ಉದ್ದದ, ಬೇರೆ ಬೇರೆ ದಿಕ್ಕಿನ ಎಷ್ಟೋ ಸೈನ್ ಅಲೆಗಳ ಮೊತ್ತ ಅಂತ ಬಿಡಿಸಿ ಇಡಬಹುದು. ಆಳದ ನೀರಿನಲ್ಲಿ ಪ್ರತಿ ಅಲೆಯ ನಡಿಗೆಗೆ ಒಂದು ನಿಯಮ ಇದೆ. ಒಂದು ಅಲೆ ದಾಟಿ ಇನ್ನೊಂದು ಬರಲು 10 ಸೆಕೆಂಡ್ ಬೇಕಾದರೆ, 10ರ ವರ್ಗವನ್ನು 1.56ರಿಂದ ಗುಣಿಸಿ. ಅಲೆಯುದ್ದ 156 ಮೀಟರ್. ಅಂದರೆ ಅದರ ತಲೆ ಸೆಕೆಂಡಿಗೆ ಸುಮಾರು 15.6 ಮೀಟರ್ ಓಡುತ್ತದೆ. ಆದರೆ ಅಲೆಗಳ ಗುಂಪು, ಅಂದರೆ ಅದರ ಶಕ್ತಿ, ಅದರ ಅರ್ಧ ವೇಗದಲ್ಲಿ ಮಾತ್ರ ಬರುತ್ತದೆ, ಸೆಕೆಂಡಿಗೆ 7.8 ಮೀಟರ್. ಒಂದು ಕಿಲೋಮೀಟರ್ ದೂರದ ಗುಂಪು ನಮ್ಮನ್ನು ಮುಟ್ಟಲು ಎರಡು ನಿಮಿಷದ ಮೇಲೆ ಎಂಟು ಸೆಕೆಂಡು. ಆ ಎರಡು ನಿಮಿಷ ಬಂದದ್ದು ಇಲ್ಲಿಂದ. ಉದ್ದ ಅಲೆ ಬೇಗ ಓಡುತ್ತದೆ, ಗಿಡ್ಡ ಅಲೆ ಹಿಂದೆ ಬೀಳುತ್ತದೆ. ದಡದ ಹತ್ತಿರ ನೀರಿನ ಆಳ ಕಡಿಮೆಯಾದರೆ ಎಲ್ಲವೂ ನಿಧಾನವಾಗುತ್ತವೆ. ಇವನ್ನೆಲ್ಲ ಕೂಡಿಸಿ ಕಂಪ್ಯೂಟರು ಅಲೆ ಬರುವುದರೊಳಗೆ ಉತ್ತರ ಕೊಡಬೇಕು. ತಡವಾಗಿ ಬಂದ ಸರಿ ಉತ್ತರಕ್ಕೆ ಇಲ್ಲಿ ಅಂಕ ಇಲ್ಲ.

ಹಾಗೆ ಸಿಕ್ಕ ಒಂದೂವರೆ, ಎರಡು ನಿಮಿಷದಲ್ಲಿ ಏನು ಮಾಡಬಹುದು? ಹಡಗಿನ ಮೇಲೆ ಹೆಲಿಕಾಪ್ಟರು ಇಳಿಯುವ ಕ್ಷಣ ಆರಿಸಬಹುದು. ಸಮುದ್ರದ ನಡುವೆ ಒಂದು ಹಡಗಿನಿಂದ ಇನ್ನೊಂದಕ್ಕೆ ಕ್ರೇನಿನಲ್ಲಿ ಹೊರೆ ಎತ್ತುವಾಗ, ಮುಂದಿನ ನಲವತ್ತು ಸೆಕೆಂಡ್ ಹಡಗು ಶಾಂತವಾಗಿರುತ್ತದೆ ಅಂತ ತಿಳಿದರೆ ಎತ್ತಬಹುದು, ಇಲ್ಲದಿದ್ದರೆ ಬಿಡಬಹುದು. ಏಣಿಯಲ್ಲಿರುವ ಪೈಲಟರಿಗೆ “ಅಲ್ಲೇ ನಿಲ್ಲಿ” ಅಂತ ಕೂಗಬಹುದು. ಲಾಂಚಿನ ಹುಡುಗನಿಗೆ “ಹಿಂದೆ ಸರಿ” ಅನ್ನಬಹುದು. ನನಗೆ ಬೇಕಾಗಿದ್ದದ್ದು ಈ ಕೊನೆಯ ಎರಡು ಮಾತು ಮಾತ್ರ.

ಈ ಯಂತ್ರವನ್ನು ಹೊಗಳಿ ನಿಮಗೆ ಮಾರಲು ನಾನು ಬಂದಿಲ್ಲ. ಗಾಳಿ ಪೂರ್ತಿ ನಿಂತರೆ ನೀರಿನ ಮೇಲೆ ಸುಕ್ಕು ಇರುವುದಿಲ್ಲ, ರೇಡಾರು ಕುರುಡಾಗುತ್ತದೆ. ಕಳ್ಳಕ್ಕಡಲು ಬರುವುದೇ ಅಂಥ ದಿನ. ಜೋರು ಮಳೆ ಬಂದರೂ ಚಿತ್ರ ಕೆಡುತ್ತದೆ, ನಮ್ಮ ಕರಾವಳಿಯಲ್ಲಿ ಜೂನ್-ಜುಲೈ ಅಂದರೆ ಜೋರು ಮಳೆಯೇ. ಪಟ್ಟಿಗಳ ನಡುವಿನ ಅಂತರ ಚೆನ್ನಾಗಿ ತಿಳಿಯುತ್ತದೆ, ಎತ್ತರ ಅಷ್ಟು ನೇರವಾಗಿ ತಿಳಿಯುವುದಿಲ್ಲ. ಕೆಲವು ನಿಮಿಷ ದಾಟಿದರೆ ಊಹೆ ಮಸುಕಾಗುತ್ತದೆ. ಬೆಲೆಯೂ ಹೆಚ್ಚು. ಮಲ್ಪೆಯ ದೋಣಿಯವನಿಗೆ ಇದು ಸದ್ಯಕ್ಕೆ ಕೈಗೆಟುಕುವಂಥದ್ದಲ್ಲ. ಅವನಿಗೆ ಮೊಬೈಲಿಗೆ ಬರುವ ಇನ್‌ಕಾಯ್ಸ್ ಸಂದೇಶ, ಅವನ ಕಣ್ಣು, ಇವೇ ಗತಿ.

ಎರಡು ನಿಮಿಷ ಯಾವ ಕೆಲಸಕ್ಕೂ ಬಾರದ ಅಪಾಯಗಳೂ ಇವೆ. ಹೊಳೆಯಾಚೆ ಹೊಸಪೇಟೆ, ಸಂಡೂರು ಕಡೆಯ ಕಬ್ಬಿಣದ ಅದಿರು ಲಾರಿ, ರೈಲುಗಳಲ್ಲಿ ಬಂದರಿಗೆ ಹೋಗುತ್ತಿದ್ದ ಕಾಲ ನಿಮಗೆ ನೆನಪಿದೆ. 2009ರ ಜುಲೈನಲ್ಲಿ ‘ಏಷ್ಯನ್ ಫಾರೆಸ್ಟ್’ ಎಂಬ ಹಡಗು ನವಮಂಗಳೂರು ಬಂದರಿನಿಂದ 13 ಸಾವಿರ ಟನ್ನಿಗೂ ಹೆಚ್ಚು ಅದಿರಿನ ಪುಡಿ ತುಂಬಿಕೊಂಡು ಚೀನಾಕ್ಕೆ ಹೊರಟಿತು. ಹೊರಗೆ ಬಂದ ಕೂಡಲೇ ವಾಲಿತು, ಮುಳುಗಿತು. ಅದರಲ್ಲಿದ್ದ 18 ಜನರನ್ನೂ ಕರಾವಳಿ ಕಾವಲು ಪಡೆ ಉಳಿಸಿತು, ಪುಣ್ಯ. ತೇವ ಹಿಡಿದ ಅದಿರಿನ ಪುಡಿ ನೋಡಲಿಕ್ಕೆ ಗಟ್ಟಿ ಮಣ್ಣೇ. ಅಲೆಗೆ ಹಡಗು ಗಂಟೆಗಟ್ಟಲೆ ತೂಗಾಡಿದಂತೆ ಅದರೊಳಗಿನ ನೀರು ಬಿಟ್ಟು ಕೆಸರಾಗಿ ಒಂದು ಬದಿಗೆ ಹರಿಯುತ್ತದೆ. ಮಳೆಗಾಲದ ಗದ್ದೆಯಲ್ಲಿ ಒಂದೇ ಕಡೆ ನಿಂತು ಕಾಲು ತುಳಿದು ನೋಡಿ, ತಿಳಿಯುತ್ತದೆ. ಅಲ್ಲಿ ಒಂದು ದೊಡ್ಡ ಅಲೆ ಕೊಲ್ಲುವುದಿಲ್ಲ, ನೂರಾರು ಸಾಧಾರಣ ಅಲೆ ಸೇರಿ ಕೊಲ್ಲುತ್ತವೆ. ಅದಕ್ಕೆ ಉಪಾಯ ಸಮುದ್ರದಲ್ಲಿಲ್ಲ, ದಡದ ಮೇಲೆ ಸರಕಿನ ತೇವ ಪರೀಕ್ಷೆ ಮಾಡುವುದರಲ್ಲಿದೆ.

ಕಾಲು ಕಳೆದುಕೊಂಡ ಹುಡುಗನ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಈಗ ಅವನೂ ನಡುವಯಸ್ಸಿನವ. ದಡದ ಮೇಲೆ ಕೆಲಸ ಸಿಕ್ಕಿತು, ಕೃತಕ ಕಾಲಿನಲ್ಲಿ ಓಡಾಡುತ್ತಾನೆ. ಒಂದು ಸಲ ಅವನಿಗೆ ಈ ರೇಡಾರಿನ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರ್, ಹೇಳುವವರು ಇದ್ದರೆ ಸಾಲದು. ನಮಗೆ ಕೇಳಿಸುವ ಹಾಗೆ ಕೂಗುವವರು ಬೇಕು” ಅಂದ. ಎಂಜಿನ್ ಸದ್ದು, ಗಾಳಿ, ಮಳೆ. ಅವನು ಹೇಳಿದ್ದು ನಿಜ. ಯಂತ್ರ ಮೇಲೆ ಬ್ರಿಜ್ಜಿನಲ್ಲಿರುತ್ತದೆ, ಕಾಲು ಕೆಳಗೆ ಲಾಂಚಿನಲ್ಲಿರುತ್ತದೆ. ನಡುವಿನ ಆ ಇಪ್ಪತ್ತು ಮೀಟರನ್ನು ಯಾವ ಗಣಿತವೂ ದಾಟಿಸುವುದಿಲ್ಲ. ಆಮೇಲೆ ನಾನಿದ್ದ ಹಡಗುಗಳಲ್ಲಿ ಪೈಲಟ್ ಇಳಿಯುವಾಗ ಅಲೆ ನೋಡಲಿಕ್ಕೆಂದೇ ಒಬ್ಬನನ್ನು ಸೀಟಿ ಕೊಟ್ಟು ನಿಲ್ಲಿಸುತ್ತಿದ್ದೆ. ಅವನಿಗೆ ಬೇರೆ ಕೆಲಸ ಇಲ್ಲ. ಕೆಲವರು ನಕ್ಕರು. ಅಂಬಿಗ ಅಜ್ಜನ ಕೆಲಸ ಅದು ಅಂತ ಅವರಿಗೆ ಹೇಗೆ ಹೇಳಲಿ?

ಹೊತ್ತಾಯಿತು, ಊಟಕ್ಕೆ ಕರೆಯುತ್ತಿದ್ದಾರೆ. ಶಾಲೆಯ ಪ್ರಯೋಗಾಲಯದಲ್ಲಿ ರೇಡಾರಿನ ಪರದೆ ಹೇಗೆ ಕಾಣುತ್ತದೆಂದು ನಾನೇ ಬರೆದ ಒಂದು ಚಿತ್ರ ಅಂಟಿಸಿದ್ದೇನೆ. ಕಸ ಅಳಿಸಿಲ್ಲ. ಹಾಳೆಯ ಮೇಲೆ ಒಂದು ಸೆಂಟಿಮೀಟರ್ ಅಂದರೆ ಸಮುದ್ರದ ಮೇಲೆ ನೂರು ಮೀಟರ್. ನಡುವಿನ ಚುಕ್ಕೆ ನಮ್ಮ ಹಡಗು. ಒಂದು ಕಡೆ ದಪ್ಪ ಪಟ್ಟಿಗಳ ಗುಂಪು ಬರುತ್ತಿದೆ. ಪಟ್ಟಿಯಿಂದ ಪಟ್ಟಿಗೆ ಅಂತರ ಅಳೆಯಿರಿ, 1.56ರಿಂದ ಭಾಗಿಸಿ ವರ್ಗಮೂಲ ತೆಗೆಯಿರಿ, ಗುಂಪಿನ ವೇಗ ಕಂಡುಹಿಡಿಯಿರಿ, ಅದು ಹಡಗನ್ನು ಮುಟ್ಟಲು ಎಷ್ಟು ಸೆಕೆಂಡು ಅಂತ ಬರೆಯಿರಿ. ಏಣಿಯ ಮೇಲೆ ಒಬ್ಬರು ಇಳಿಯುತ್ತಿದ್ದಾರೆ ಅಂತ ತಿಳಿದುಕೊಳ್ಳಿ. ಉತ್ತರವನ್ನು ನಾನು ಗುರುಗಳ ಹತ್ತಿರವೂ ಕೊಟ್ಟಿಲ್ಲ. ಸಂಜೆ ಬಸ್ಸಿಗೆ ಹೋಗುವ ತನಕ ಪ್ರಯೋಗಾಲಯದ ಬಾಗಿಲಲ್ಲೇ ಇರುತ್ತೇನೆ, ಬರೆದವರು ತಂದು ತೋರಿಸಿ.